ಮಾಸಿದ ನುಸಿಗಣ್ಣು

ಪ್ರಯೋಗಾಲಯದ ಹಳೆಯ ಸಹಾಯಕನಿಗೆ ಕನ್ನಡಕವೆಂದರೆ ಅವಮಾನ. ಬೀನ್ಸ್ ಎಲೆಯ ಮೇಲೆ ಜೇಡನುಸಿ ಸಾಕಿ, ಸೂಕ್ಷ್ಮದರ್ಶಕದಲ್ಲಿ ಅವುಗಳ ಕಣ್ಣಿನ ಬಣ್ಣ ನೋಡಿ ಬರೆದಿಡುವುದೇ ಇಪ್ಪತ್ತು ವರ್ಷದಿಂದ ಅವನ ಕೆಲಸ. “ಫಲಿತಗೊಳ್ಳದ ಮೊಟ್ಟೆಯಿಂದ ಹುಟ್ಟುವ ಗಂಡು ನುಸಿಯ ಕಣ್ಣಿನ ಬಣ್ಣವೆಲ್ಲ ಅಮ್ಮನದೇ, ಅಪ್ಪನ ಪಾಲು ಏನೂ ಇಲ್ಲ” ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. ಈ ವರ್ಷ ಪೀಳಿಗೆಯಿಂದ ಪೀಳಿಗೆಗೆ ಆ ಕೆಂಪು ಕಣ್ಣುಗಳು ಮಾಸುತ್ತ ಬಂದವು. ಹೊಸ ತಳಿಯೇ ಸಿಕ್ಕಿತೆಂದು ಹಿಗ್ಗಿ ಹೀರೇಕಾಯಿಯಾಗಿ ಮುಖ್ಯಸ್ಥೆಯನ್ನು ಕರೆದ.

“ಎಲ್ಲಾ ಕೆಂಪಗೇ ಇದೆಯಲ್ರೀ! ಮೊದಲು ನಿಮ್ಮ ಕಣ್ಣು ತೋರಿಸ್ಕೊಂಡು ಬನ್ನಿ” ಎಂದರು ಅವರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು.

“ನಾನೂ ಗಂಡು ನುಸೀನೇ ಬಿಡಿ ಮೇಡಂ” ಎಂದ ಮರುದಿನ. “ನಮ್ಮಮ್ಮನೂ ಕನ್ನಡಕ ಹಾಕದೇ ಬೇಳೆ ಆರಿಸಿ, ಈಗಿನ ಬೇಳೇಲಿ ಕಲ್ಲೇ ಇರಲ್ಲ ಅಂತಿದ್ಲು. ಅಪ್ಪನ ಪಾಲಿಗೆ ಬಂದಿದ್ದು ಹಲ್ಲಿಗೆ ಸಿಕ್ಕಿದ ಕಲ್ಲು ಮಾತ್ರ.”