ಮಾವನ ಎಡೆಗೆ ಕರಿದ ಮೀನು

ಇನ್‌ಸುಕ್‌ಗೆ ಕಾಲಲ್ಲಿ ಚಕ್ರವಿದೆ ಎಂದು ಸಿಯೋಲ್‌ನ ಗೈಡುಗಳೆಲ್ಲ ಆಡಿಕೊಳ್ಳುವುದುಂಟು. ಬೇರೆಯವರು ಅರಮನೆಯ ಹೆಬ್ಬಾಗಿಲಲ್ಲಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇವಳು ಮೂವರು ರಾಜರನ್ನು ಪಟ್ಟಕ್ಕೇರಿಸಿ ಇಬ್ಬರನ್ನು ಇಳಿಸಿಯೂ ಆಗಿರುತ್ತಿತ್ತು. ಚೀನೀ ಭಾಷೆ ಕಲಿತು ಈ ಕೆಲಸಕ್ಕೆ ಬಂದದ್ದೇ ಮನೆಯಿಂದ ಹೊರಗಿರಬಹುದಲ್ಲ ಎಂದು. ಮನೆಯಲ್ಲಿ ಅವಳು ಹಿರಿಯ ಸೊಸೆ. ಮುಖ ಕಂಡಿರದ ಸತ್ತವರಿಗೂ ಮೀನು, ಕುಂಬಳ, ತೋಫುವನ್ನು ಹಿಟ್ಟು ಮೊಟ್ಟೆಯಲ್ಲಿ ಅದ್ದಿ, ಕಾವಲಿಯ ಮುಂದೆ ಸೊಂಟ ಮುರಿಯುವಂತೆ ಕೂತು ಕರಿದು ಎಡೆ ಇಡುವುದು ಅವಳ ಪಾಲಿಗೆ ಬಂದದ್ದು.

ಅವತ್ತು ಸಂಜೆ ತೀರಿಹೋದ ಮಾವನ ವರ್ಷದ ಎಡೆ. ಇನ್ನು ಮುಂದೆ ನಾನೊಬ್ಬಳೇ ಮಾಡುವುದಿಲ್ಲ ಎಂದು ಗಂಡನ ಸೋದರತ್ತೆಯ ಎದುರಿಗೇ ಹೇಳಿಬಿಡಬೇಕೆಂದು ನಿಶ್ಚಯಿಸಿದ್ದಳು. ಹೋದ ವರ್ಷವೂ ನಿಶ್ಚಯಿಸಿದ್ದಳು. ಆದರೆ ಆ ಮುದುಕಿ ಎದುರು ಬಂದು ಕೂತರೆ ಇವಳ ಬಾಯಿಗೆ ಬೀಗ ಬೀಳುತ್ತಿತ್ತು.

ಬೆಳಿಗ್ಗೆ ತೈವಾನಿನ ಗುಂಪೊಂದನ್ನು ಜೊಂಗ್‌ಮ್ಯೊಗೆ, ಹಳೆಯ ರಾಜರ ಆತ್ಮಗಳಿಗೆ ಎಡೆ ಇಡುವ ಗುಡಿಗೆ, ಕರೆದೊಯ್ದಳು. ನಡುವಿನ ಎತ್ತರದ ಕಲ್ಲುದಾರಿ ಆತ್ಮಗಳದ್ದು, ಯಾರೂ ಕಾಲಿಡಬಾರದು ಎಂದು ಹೇಳಿ ಮುಗಿಸುವಷ್ಟರಲ್ಲಿ ಸೋದರತ್ತೆಯ ಫೋನು.

"ಮೀನು ತಂದಿದ್ದೀಯಾ?"

"ತಂದಿದ್ದೀನಿ ಅತ್ತೆ."

"ಅಂಗಡೀಲಿ ಕರಿದಿದ್ದು ತಂದ್ರೆ ವಾಸನೇಲೇ ಗೊತ್ತಾಗತ್ತೆ ನಂಗೆ. ನಮ್ಮಣ್ಣಂಗೂ ಗೊತ್ತಾಗತ್ತೆ!"

ಸತ್ತವರ ಮೂಗು ಅಷ್ಟು ಚುರುಕು ಎಂದು ಇವರಿಗೆ ಯಾರು ಹೇಳಿದರೋ. ಇನ್‌ಸುಕ್ ಹೂಂಗುಟ್ಟುತ್ತ ದಡದಡ ನಡೆದಳು. ಫೋನು ಇಟ್ಟು ತಿರುಗಿ ನೋಡಿದರೆ ಗುಂಪು ಪಕ್ಕದಲ್ಲೇ ನಿಂತು ಪಿಳಿಪಿಳಿ ನೋಡುತ್ತಿದೆ. ಇವಳು ಆತ್ಮಗಳ ದಾರಿಯ ನಟ್ಟನಡುವೆ ಇದ್ದಾಳೆ. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ! ನಾಚಿಕೆಯಿಂದ ಮುಖ ಕೆಂಪಾಗಿ ಕೆಳಗಿಳಿದಳು.

ಎಡೆಯ ಅಡುಗೆಗೆಂದೇ ಇದ್ದ ಅಂಗಳಕ್ಕೆ ಬಂದಾಗ ಗುಂಪಿನ ಅಜ್ಜಿಯೊಬ್ಬಳು ಕೇಳಿದಳು, "ಇಲ್ಲಿ ಬೇಯಿಸ್ತಿದ್ದವರು ಯಾರಮ್ಮ?"

"ಗಂಡಸರೇ ಅಜ್ಜಿ."

"ನಿಮ್ಮನೇಲಿ?"

"ನಮ್ಮನೇಲಿ ಗಂಡಸರು ಅಡ್ಡಬೀಳ್ತಾರೆ, ಅಷ್ಟೇ."

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗದೆ ಇವಳ ಮೊಣಕೈ ಸವರಿದಳು. ಇನ್‌ಸುಕ್‌ಗೆ ಅಳು ಒತ್ತರಿಸಿ ಬಂತು. ಉಳಿದ ಗುಡಿಯನ್ನು ಓಡುತ್ತಲೇ ತೋರಿಸಿ ಮುಗಿಸಿದಳು.

ಮನೆಯಲ್ಲಿ ಗಂಡ ಸಂಗ್‌ಪಿಲ್ ಆಗಲೇ ಕರಿ ಸೂಟು ತೊಟ್ಟು ಟೀವಿಯ ಮುಂದೆ ಕೂತಿದ್ದ. ಇನ್‌ಸುಕ್ ತನ್ನ ಏಪ್ರನ್ ತಂದು ಅವನ ಕೊರಳಿಗೆ ಹಾಕಿದಳು.

"ಏಳ್ರಿ, ಮೀನು ಕರೀರಿ."

"ನಂಗೆಲ್ಲೇ ಬರತ್ತೆ ಅದೆಲ್ಲ?"

"ಸತ್ತಿರೋದು ನಿಮ್ಮಪ್ಪ ಕಣ್ರೀ, ನಮ್ಮಪ್ಪ ಅಲ್ಲ."

ಅವನು ಎಣ್ಣೆ ಸಿಡಿದಾಗಲೆಲ್ಲ ಹಿಂದಕ್ಕೆ ಹಾರುತ್ತ ಕರಿಯುತ್ತಿರುವಾಗಲೇ ಸೋದರತ್ತೆ ಬಂದರು. ಬಾಗಿಲಲ್ಲೇ ನಿಂತು ಕೂಗಿದರು, "ಅಯ್ಯೋ! ಗಂಡಸು ಅಡುಗೆಮನೆ ಹೊಕ್ಕರೆ ಚಡ್ಡಿಯೊಳಗಿನ ಮೆಣಸಿನಕಾಯಿ ಉದುರಿಹೋಗತ್ತೆ ಕಣೇ!"

"ಇವರಿಗೆ ಅರವತ್ತಾಯ್ತಲ್ಲ ಅತ್ತೆ, ಉದುರಿದ್ರೂ ನಷ್ಟ ಇಲ್ಲ," ಎಂದುಬಿಟ್ಟಳು ಇನ್‌ಸುಕ್. ಬೀಗ ಬಿಚ್ಚಿದ ಮೇಲೆ ಮಿಕ್ಕಿದ್ದೂ ಬಂತು. "ರಾಜರ ಎಡೆಗೇ ಗಂಡಸರು ಬೇಯಿಸ್ತಿದ್ರು. ಇನ್ಮೇಲೆ ನಾನೊಬ್ಳೇ ಮಾಡಲ್ಲ. ನಂಗಾಗಲ್ಲ ಅತ್ತೆ."

ಸೋದರತ್ತೆ ಒಳಗೆ ಬಂದರು. ತಟ್ಟೆಯಿಂದ ಒಂದು ಮೀನು ಎತ್ತಿ ತಿರುಗಿಸಿ ನೋಡಿದರು. ಒಂದು ಮಗ್ಗುಲು ಪೂರಾ ಸೀದಿತ್ತು. ಸಂಗ್‌ಪಿಲ್ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ. ಅವರು ಅದನ್ನು ಹಾಗೆಯೇ ಒಯ್ದು ಎಡೆಯ ಮೇಜಿನ ಮೇಲೆ, ಅಣ್ಣನ ಹೆಸರು ಬರೆದಿಟ್ಟ ಕಾಗದದ ಮುಂದೆ ಇಟ್ಟರು.

"ಒಂದ್ ಲೋಟ ನೀರೂ ತಾನಾಗಿ ತಗೊಂಡು ಕುಡಿದವನಲ್ಲ ನಮ್ಮಣ್ಣ. ತಿನ್ಲಿ."

ಆಮೇಲೆ ಕಾವಲಿಯ ಪಕ್ಕದ ಮಣೆಯ ಮೇಲೆ ಮೊಣಕಾಲು ಹಿಡಿದುಕೊಂಡು ಕೂತರು.

"ನಾನೂ ಜೀವಮಾನವೆಲ್ಲ ಕರಿದೆನಲ್ಲೇ," ಎಂದರು. "ಹಿಂಗೆ ಹೇಳಬಹುದು ಅಂತ ನಂಗ್ಯಾರೂ ಹೇಳ್ಲೇ ಇಲ್ಲ."