ಗೇಟು ಕಾಯುವವನ ರಕ್ತಕ್ಕೆ ಸಿಕ್ಕ ಗುರುತು

ಸಂಶೋಧನಾಲಯದ ಗೇಟು ಕಾಯುವವನಿಗೆ ಯಾರ ಮುಖವೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ದಿನಾ ಬರುವ ನಿರ್ದೇಶಕರನ್ನೇ ತಡೆದು "ಯಾರು ಬೇಕಾಗಿತ್ತು?" ಎನ್ನುತ್ತಿದ್ದ. ನೀರಿನ ಪಂಪು ಕದ್ದೊಯ್ಯುತ್ತಿದ್ದವನಿಗೆ ಮಾತ್ರ ಸಲಾಮು ಹೊಡೆದು, ಅದನ್ನು ಗಾಡಿಗೆ ಎತ್ತಲು ಕೈಯನ್ನೂ ಕೊಟ್ಟಿದ್ದ. ಅವನನ್ನು ಮನೆಗೆ ಕಳಿಸುವುದೆಂದು ನಿರ್ದೇಶಕರು ಗಟ್ಟಿಮಾಡಿಕೊಂಡಿದ್ದರು.

ಅಷ್ಟರಲ್ಲಿ ಕ್ಷಯರೋಗದ ಮೇಲೆ ಕೆಲಸ ಮಾಡುತ್ತಿದ್ದ ಡಾಕ್ಟರಮ್ಮನಿಗೆ ಆರೋಗ್ಯವಂತರ ರಕ್ತ ಬೇಕಾಯಿತು. ಕೈಗೆ ಸಿಕ್ಕವನು ಇವನೇ. ರಕ್ತಕ್ಕೆ ಕ್ಷಯದ ಬ್ಯಾಕ್ಟೀರಿಯಾದ ಚೂರುಗಳನ್ನು ಬೆರೆಸಿ ಬೆಚ್ಚಗಿಟ್ಟರು. ಮರುದಿನ ನೋಡಿದರೆ ಕೊಳವೆಯೊಳಗೆ ರಂಪವೋ ರಂಪ.

ಆಕೆ ಗೇಟಿಗೇ ಓಡಿಬಂದಳು. "ನಿಮ್ಮ ರಕ್ತಕಣಗಳು ನೋಡಿದ ತಕ್ಷಣ ಗುರುತು ಹಿಡಿದ್ವು ಕಣ್ರೀ!"

"ಹೌದಾ? ತಾವು ಯಾರು ಅಂತ ಗೊತ್ತಾಗ್ಲಿಲ್ಲ" ಎಂದ.

ಆಕೆ ಬಿಡಿಸಿ ಹೇಳಿದಳು. ಒಂದು ಬಗೆಯ ಕಣ ಬ್ಯಾಕ್ಟೀರಿಯಾವನ್ನು ನುಂಗಿ, ಅದರ ಚೂರನ್ನು ಮೈಮೇಲೆ ಎತ್ತಿ ತೋರಿಸುತ್ತದೆ. ಹಿಂದೆ ಅದನ್ನು ಕಂಡಿದ್ದ ಇನ್ನೊಂದು ಬಗೆಯ ಕಣ ಆ ಚೂರಿನಲ್ಲೇ ಗುರುತು ಹಿಡಿದು, ರಾಸಾಯನಿಕ ಹೊರಬಿಟ್ಟು ಉಳಿದವನ್ನೂ ಕೆರಳಿಸುತ್ತದೆ. "ಅಂದ್ರೆ ಯಾವತ್ತೋ ಈ ರೋಗಾಣು ನಿಮ್ಮೊಳಗೆ ಬಂದಿದೆ. ಕಣಗಳು ಅದನ್ನ ಸುತ್ತುಗಟ್ಟಿ ಕೂರಿಸಿವೆ. ಮನೇಲಿ ಯಾರಿಗಾದ್ರೂ ಕ್ಷಯ ಇತ್ತಾ?"

"ಅಜ್ಜಿಗೆ. ಚಿಕ್ಕವನಿದ್ದಾಗ ಅವಳ ಮಗ್ಗುಲಲ್ಲೇ ಮಲಗ್ತಿದ್ದೆ."

ಎಕ್ಸ್‌ರೇ ತೆಗೆಸಿದರು, ಕಾಯಿಲೆಯ ಸುಳಿವಿರಲಿಲ್ಲ. ಆದರೆ ಅವನಿಗೆ ಜಂಬ ತಲೆಗೇರಿತು. ಮಧ್ಯಾಹ್ನ ಉಂಡವನೇ ಗೇಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆಯತೊಡಗಿದ. ನಿರ್ದೇಶಕರು ಗದರಿದರೆ, "ನಾನು ಮಲಗಿದ್ರೇನು ಸಾರ್? ಒಳಗಿನವರು ಎದ್ದಿದ್ದಾರಲ್ಲ!" ಎಂದ. ಇಂಥ ರಕ್ತವನ್ನು ಬಿಟ್ಟುಕೊಡಲು ಡಾಕ್ಟರಮ್ಮ ಸುತರಾಂ ಒಪ್ಪಲಿಲ್ಲ. ಕೊನೆಗೆ ಗೇಟು ಕಾಯುವವನನ್ನು ಕಾಯಲು ಇನ್ನೊಬ್ಬನನ್ನು ನೇಮಿಸಬೇಕಾಯಿತು.

"ಬೀದೀಲಿ ಕಂಡ್ರೆ ನನ್ನನ್ನೇ ಯಾರಮ್ಮಾ ಅಂತೀರ. ನಿಮ್ಮ ರಕ್ತಕ್ಕಿರೋ ಬುದ್ಧಿ ನಿಮಗಿಲ್ವಲ್ರೀ!" ಎಂದಳು, ಮನೆಯಲ್ಲಿ ಇದನ್ನೆಲ್ಲ ಕೇಳಿದ ಹೆಂಡತಿ.

ಅವನು ನಗಲಿಲ್ಲ. ಮರುದಿನ ಡಾಕ್ಟರಮ್ಮನನ್ನು ಮೆಲ್ಲಗೆ ಕೇಳಿದ: "ಆ ಕಣಗಳಲ್ಲಿ ಅಜ್ಜಿ ಮುಖ ಏನಾದ್ರೂ ಉಳಿದಿರುತ್ತಾ?"

"ಇಲ್ಲಪ್ಪ. ರೋಗಾಣುವಿನ ಗುರುತು ಮಾತ್ರ."

ರಜೆ ಹಾಕಿ ಸೋದರತ್ತೆಯ ಮನೆಗೆ ಹೋದ. "ಅತ್ತೆ, ಅಜ್ಜಿ ಹೇಗಿದ್ಲು?"

"ಅಮ್ಮನಾ? ಇಸ್ಪೀಟಲ್ಲಿ ಮೋಸ ಮಾಡ್ತಿದ್ಲು! ನಿನ್ನ ಚಡ್ಡಿ ಜೇಬಲ್ಲಿ ರಾಜ, ರಾಣಿ ಬಚ್ಚಿಡೋಳು. ನೀನೋ, ಎಷ್ಟು ಗದರಿಸಿದ್ರೂ ಬಾಯಿ ಬಿಡ್ತಿರ್ಲಿಲ್ಲ."

ವಾಪಸು ಬರುವ ಬಸ್ಸಿನಲ್ಲಿ ಅವನು ಜೇಬು ಮುಟ್ಟಿಮುಟ್ಟಿಕೊಂಡು ನಕ್ಕ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.