ಡೈಲಾಗ್ ಇಲ್ಲದ ಕೈದಿ

ರಾಜರ ಕಾಲದ ಸಿನಿಮಾ ಯಾವುದೇ ಇರಲಿ, ಗಲ್ಲಿಗೇರುವ ಕೈದಿ ಮಾತ್ರ ನಮ್ಮ ಕುಣಿಕೆ ತಾತನೇ. ಇಪ್ಪತ್ತು ಸಲ ಸತ್ತರೂ ಗುಂಡುಕಲ್ಲಿನ ಹಾಗಿದ್ದಾನೆ. ಎಲ್ಲರಿಗಿಂತ ಮೊದಲು ಸೆಟ್ಟಿಗೆ ಬಂದು ಹಗ್ಗ ಜಗ್ಗಿ ನೋಡಿ, "ಗಂಟು ಎಡಗಿವಿ ಕೆಳಗೆ ಬರಬೇಕು ಸಾರ್" ಎಂದು ನಿರ್ದೇಶಕರಿಗೇ ಪಾಠ ಹೇಳುತ್ತಾನೆ. ನಿಜವಾದ ಜೈಲಿನಲ್ಲಿ ನೇಣು ಹಾಕುತ್ತಿದ್ದವನಂತೆ. ಹಾಗಾಗಿ ಊಟಕ್ಕೆ ಯಾರೂ ಅವನ ಪಕ್ಕ ಕೂರುವುದಿಲ್ಲ. ನೇಣು ಹಾಕುವವನ ಪಾರ್ಟು ಕೊಟ್ಟರೆ, "ಅದೊಂದು ಬೇಡ ಸಾರ್" ಎನ್ನುತ್ತಾನೆ. ಕೊರಳಿಗೆ ಕುಣಿಕೆ ಬಿದ್ದೊಡನೆ ಮುಸುಕಿನೊಳಗಿಂದಲೇ, ಹಗ್ಗ ಹಾಕಿದ ನಟನಿಗೆ, "ನಿಂದೇನೂ ತಪ್ಪಿಲ್ಲ ಕಣಪ್ಪಾ" ಅನ್ನುತ್ತಾನೆ. "ಕಟ್! ನಿನಗೆ ಡೈಲಾಗೇ ಇಲ್ಲ ತಾತಾ!" ಎಂದು ನಿರ್ದೇಶಕರು ಪ್ರತಿಸಲವೂ ಕೂಗುತ್ತಾರೆ. ಒಮ್ಮೆ ಅವನ ಮುಖದ ಬಣ್ಣ ಒರೆಸುತ್ತಾ ಯಾಕೆ ಹಾಗಂತೀಯ ಎಂದು ಕೇಳಿದೆ. "ಒಂಬತ್ತು ಜನರ ಕಿವೀಲಿ 'ಕ್ಷಮಿಸಪ್ಪಾ' ಅಂದಿದ್ದೆ. ಒಬ್ಬರೂ ಉತ್ತರ ಕೊಡಲಿಲ್ಲ."